ಕಾಲುಸುತ್ತು

ಡ್ರಿಪ್ಪಿನ ನಳಿಕೆಯ ಮೇಲಿನ ಚಕ್ರ ಅವನ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಬಿಳಿ ಪ್ಲಾಸ್ಟಿಕ್ಕಿನದು, ಅಂಚಿಗೆ ಸಣ್ಣ ಸಣ್ಣ ಹಲ್ಲು. ಮೇಲಕ್ಕೆ ಉರುಳಿಸಿದರೆ ಹನಿ ಜೋರು, ಕೆಳಕ್ಕೆ ಉರುಳಿಸಿದರೆ ನಿಧಾನ, ಇನ್ನೂ ಕೆಳಕ್ಕೆ ಹೋದರೆ ಬಂದ್. ಇಷ್ಟು ತಿಳಿಯಲು ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮೂವತ್ತೊಂದು ವರ್ಷದಿಂದ ಭುಜದೆತ್ತರದ ಕಬ್ಬಿಣದ ಕೀಲಿ ಹೊತ್ತು, ಬೀದಿಬೀದಿಯ ಗುಂಡಿಗಳ ಮುಚ್ಚಳ ಎತ್ತಿ, ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುತ್ತಿದ್ದವನು ಅವನು. ಎಷ್ಟು ಅಂಗಲಾಚಿದರೂ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸುವ ಪೈಕಿಯವನಲ್ಲವೆಂದು ಬೀದಿಯ ಹೆಂಗಸರು ಅವನಿಗೆ ಕಾಲುಸುತ್ತು ಎಂದೇ ಹೆಸರಿಟ್ಟಿದ್ದರು. ಹಾಜರಿ ಪುಸ್ತಕದಲ್ಲಿರುವ ಹೆಸರು ಅವನಿಗೇ ಮರೆತುಹೋಗುವಷ್ಟು ಅದು ಅಂಟಿಕೊಂಡಿತ್ತು. ಮೇಲಿನ ಬೀದಿಗೆ ಕಾಲು ಸುತ್ತು ಹೆಚ್ಚು ಬಿಟ್ಟರೆ ಕೆಳಗಿನ ಬೀದಿಗೆ ಗಾಳಿ ಬರುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ನೀರು ಬಂತಾ ಎಂದು ಕೇಳಿದರೆ ಅವನದು ಒಂದೇ ಉತ್ತರ, ಬರ್ತಾ ಇದೆ. ಪೈಪು ಒಡೆದಿರಲಿ, ಪಂಪು ಕೆಟ್ಟಿರಲಿ, ಟ್ಯಾಂಕಿನ ತಳದ ಕೆಸರು ಕಾಣುತ್ತಿರಲಿ, ಬರ್ತಾ ಇದೆ. ಅದನ್ನು ಅವನು ಸುಳ್ಳೆಂದು ಎಣಿಸಿರಲಿಲ್ಲ. ಕೊಡ ಹಿಡಿದು ಕಾಯುವವರಿಗೆ ಅಷ್ಟಾದರೂ ಕೊಡಬೇಕಲ್ಲ. ಅವನನ್ನು ಕಾಲುಸುತ್ತು ಎಂದು ಕರೆಯದೆ ಉಳಿದವಳು ಅಕ್ಕ ಒಬ್ಬಳೇ. ಅವಳಿಗೆ ಅವನು ಇನ್ನೂ ಮರಿ. ಐವತ್ತಾರು ತುಂಬಿದ, ಮಂಡಿ ನೋವಿನ ಮರಿ.

ಆ ಅಕ್ಕ ಈಗ ಆಸ್ಪತ್ರೆಯ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಎರಡು ದಿನದ ವಾಂತಿ ಭೇದಿ ಅವಳನ್ನು ಹಿಂಡಿ ಹಾಕಿತ್ತು. ಬೆಳಿಗ್ಗೆ ಡಾಕ್ಟರು ಅವಳ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟಾಗ ಅದು ಎತ್ತಿದ ಹಾಗೆಯೇ ನಿಂತಿತ್ತು. ಮೈಯಲ್ಲಿ ನೀರೇ ಇಲ್ಲ ಅಂದಿದ್ದರು. ಊರಿಗೆಲ್ಲ ನೀರು ಬಿಡುವವನ ಅಕ್ಕನ ಮೈಯಲ್ಲಿ ನೀರಿಲ್ಲ ಎಂಬುದು ಅವನಿಗೆ ಅವಮಾನದ ಹಾಗೆ ಚುಚ್ಚಿತು. ಆದರೆ ಡಾಕ್ಟರು ಕೂಡಲೇ ಇನ್ನೊಂದು ಮಾತನ್ನೂ ಹೇಳಿದ್ದರು. ಹಳೆಯ ಚೀಟಿಯಲ್ಲಿ ಹೃದಯ ದೊಡ್ಡದಾಗಿದೆ, ಶಕ್ತಿ ಕಡಿಮೆ ಎಂದು ಬರೆದಿದೆ, ಆದ್ದರಿಂದ ನಿಧಾನವಾಗಿ ಹೋಗಬೇಕು, ಒಂದು ಬಾಟಲಿಗೆ ಆರು ಗಂಟೆ. ಆ ಚೀಟಿಯನ್ನು ಅಕ್ಕ ನಾಲ್ಕು ವರ್ಷದಿಂದ ಅಕ್ಕಪಕ್ಕದವರಿಗೆ ತೋರಿಸಿ, ನನ್ನದು ದೊಡ್ಡ ಹೃದಯ ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರೆ, ನೀವು ಒಪ್ಪದಿದ್ದರೆ ಬಿಡಿ, ಎಂದು ನಗಿಸುತ್ತಿದ್ದಳು. ನರ್ಸು ಬಂದು ಬಾಟಲಿಯ ಬೆನ್ನಿಗೆ ಉದ್ದಕ್ಕೆ ಒಂದು ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಹತ್ತು, ಹನ್ನೊಂದು, ಹನ್ನೆರಡು ಎಂದು ಮೂರರವರೆಗೆ ಗಂಟೆ ಬರೆದಳು. ಆಯಾ ಗಂಟೆಗೆ ನೀರು ಆಯಾ ಗೆರೆಗೆ ಇಳಿದಿರಬೇಕು. ಹನಿ ಬೀಳುವುದನ್ನು ಗಡಿಯಾರ ನೋಡಿ ಎಣಿಸಿ, ಚಕ್ರವನ್ನು ಕೂದಲೆಳೆಯಷ್ಟು ಸರಿಸಿ ಹೋದಳು. ಅಚ್ಚುಕಟ್ಟಾದ ಕೆಲಸ. ಅವನಿಗೆ ಆ ಹುಡುಗಿಯ ಮೇಲೆ ಗೌರವ ಹುಟ್ಟಿತು. ಹತ್ತಕ್ಕೆ ಹತ್ತರ ಗೆರೆ, ಹನ್ನೊಂದಕ್ಕೆ ಹನ್ನೊಂದರ ಗೆರೆ. ನೋಡುತ್ತ ಕೂತವನಿಗೆ ತನ್ನದೇ ಬೀದಿಗಳ ಪಾಳಿ ನೋಡಿದಂತಾಗಿ, ಮೂರು ದಿನದಲ್ಲಿ ಮೊದಲ ಬಾರಿಗೆ ಎದೆ ಸ್ವಲ್ಪ ಹಗುರಾಯಿತು.

ಎಡವಟ್ಟಾದದ್ದು ಹನ್ನೊಂದರ ಮೇಲೆ. ಹೊಟ್ಟೆಯ ಸ್ಕ್ಯಾನಿಂಗ್ ಎಂದು ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಡ್ರಿಪ್ ಬಂದ್ ಮಾಡಿ, ಬಾಟಲಿಯನ್ನು ಅವನ ಕೈಗೆ ಕೊಟ್ಟರು. ಸ್ಕ್ಯಾನಿಂಗ್ ಕೋಣೆಯ ಹೊರಗೆ ಅವನು ಅದನ್ನು ಎತ್ತಿ ಹಿಡಿದುಕೊಂಡೇ ನಿಂತ. ಬಂದ್ ಆದ ಬಾಟಲಿಯನ್ನು ಎತ್ತಿ ಹಿಡಿಯಬೇಕಾಗಿಲ್ಲ ಅಂಕಲ್, ಎಂದು ಅಲ್ಲಿನ ಒಬ್ಬಳು ನಕ್ಕಳು. ಸಾಲಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಅವನು ಇಳಿಸಿದ, ಮತ್ತೆ ಅಕ್ಕನ ಮುಖ ನೋಡಿ ಎತ್ತಿ ಹಿಡಿದ. ವಾಪಸ್ಸು ಬಂದಾಗ ಹನ್ನೆರಡು ಮುಕ್ಕಾಲು. ನರ್ಸು ಚಕ್ರವನ್ನು ಮೊದಲಿದ್ದಲ್ಲಿಗೇ ತಂದು ಹೊರಟಳು. ನೀರು ಹನ್ನೊಂದರ ಗೆರೆಯಲ್ಲೇ ಇದೆ, ಹಿಂದೆ ಬಿದ್ದಿದೆ ಎಂದು ಅವನು ತೋರಿಸಿದ. ಇರಲಿ ಬಿಡಿ, ನಿಧಾನಕ್ಕೇ ಹೋಗಲಿ, ಎಂದು ಅವಳು ನಾಲ್ಕನೇ ಮಂಚದವರು ಕೂಗಿದರೆಂದು ಆ ಕಡೆ ಓಡಿದಳು. ಬೆಳಿಗ್ಗೆಯ ಗೌರವ ಅರ್ಧ ಅಲ್ಲೇ ಇಳಿಯಿತು. ಇರಲಿ ಬಿಡಿ ಅಂದರೇನು? ಒಂದು ಬೀದಿಗೆ ಒಂದು ಪಾಳಿ ತಪ್ಪಿದರೆ ಮರುದಿನ ಆ ಬೀದಿಯ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಟ್ಟು ಬಾಕಿ ಬಿಡಬೇಕು. ಅದು ಅವನ ಕೆಲಸದ ಧರ್ಮ. ಸಾಹೇಬರು ಬರಲಿ ಹೋಗಲಿ, ಬಾಕಿ ನೀರು ಬಿಡದೆ ಅವನು ಮಲಗಿದವನಲ್ಲ. ಅಕ್ಕನಿಗೆ ಒಂದೂಮುಕ್ಕಾಲು ಗಂಟೆಯ ನೀರು ಬಾಕಿ. ಅವಳ ತುಟಿ ಸಿಪ್ಪೆ ಎದ್ದಿತ್ತು. ಬಾಯಿ ತೆರೆದಾಗ ನಾಲಿಗೆ ಅಂಗುಳಕ್ಕೆ ಅಂಟಿ ಬಿಡಿಸಿಕೊಳ್ಳುವ ಸಣ್ಣ ಸದ್ದು ಕೇಳುತ್ತಿತ್ತು. ಆ ಕಡೆ ಈ ಕಡೆ ನೋಡಿದ. ಕೈ ಮೇಲೆ ಹೋಯಿತು. ಊರಿಗೆಲ್ಲ ಕಾಲು ಸುತ್ತು ಬಿಟ್ಟವನು ಅಕ್ಕನಿಗೆ ಪೂರ್ತಿ ಬಿಟ್ಟ. ಹನಿಗಳು ಒಂದನ್ನೊಂದು ಹಿಡಿದುಕೊಂಡು ದಾರವಾದವು. ಒಂದರ ಗೆರೆ ಮುಟ್ಟಿದ ಕೂಡಲೇ ಹಿಂದಕ್ಕೆ ತಿರುಗಿಸುವುದು, ಅಷ್ಟೇ. ನೀರು ಇಳಿಯುವುದನ್ನು ನೋಡುತ್ತ ಅವನಿಗೆ ಸಂತೋಷವಾಯಿತು. ಹೌದು, ಸಂತೋಷವೇ. ಆಮೇಲೆ ಎಷ್ಟು ನೆನೆಸಿಕೊಂಡರೂ ಅದಕ್ಕೆ ಬೇರೆ ಹೆಸರು ಸಿಗಲಿಲ್ಲ.

ಆಗಲೇ ಫೋನು ಬಂತು. ಅವನ ಬದಲಿಗೆ ಹಾಕಿದ್ದ ಮೀಟರ್ ಓದುವವನು, ನಿವೃತ್ತಿಗೆ ಆರು ತಿಂಗಳಿರುವ ಪುಕ್ಕಲ, ಮೂರನೇ ರಸ್ತೆಯ ಗುಂಡಿಯ ಮುಂದೆ ನಿಂತು ಗೋಳಾಡುತ್ತಿದ್ದ. ವಾಲ್ವು ತಿರುಗುತ್ತಿಲ್ಲ, ಜನ ಸುತ್ತ ಸೇರಿದ್ದಾರೆ. ವಾರ್ಡಿನೊಳಗೆ ಸರಿಯಾಗಿ ಕೇಳಿಸದೆ ಅವನು ಮೆಟ್ಟಿಲಿಳಿದು ಗೇಟಿನ ತನಕ ಹೋದ. ಅದು ಉಲ್ಟಾ ವಾಲ್ವು, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ನೀನು ಮುಚ್ಚುತ್ತಿದ್ದೀಯ ಮಾರಾಯ, ಬಲಕ್ಕೆ ತಿರುಗಿಸು, ಬಲವಂತ ಮಾಡಬೇಡ, ಮೊದಲು ಕಾಲು ಸುತ್ತು, ಆಮೇಲೆ ತಡಿ, ಗಾಳಿ ಹೋಗಲಿ, ಎಂದು ಹೇಳಿದ್ದನ್ನೇ ಹೇಳಿದ. ಮೀಟರಿನವನ ಕೈಯಿಂದ ಫೋನು ಕಸಿದುಕೊಂಡು ಹೆಂಗಸೊಬ್ಬಳು, ನೀನು ಇಲ್ಲದಿದ್ದರೆ ನಮ್ಮ ಬೀದಿಗೆ ಗತಿಯಿಲ್ಲ ಕಾಲುಸುತ್ತು, ಅಂದಳು. ಮೂವತ್ತೊಂದು ವರ್ಷದಲ್ಲಿ ಯಾರೂ ಆಡಿರದ ಮಾತು. ಅದನ್ನು ಕೇಳುತ್ತ ಅವನು ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತ. ಯಾಕೆ ನಿಂತೆ ಎಂದು ಈಗ ಯಾರಾದರೂ ಕೇಳಿದರೆ ಹೊಗಳಿಕೆ ಕೇಳಲು ನಿಂತೆ ಎನ್ನಬೇಕು. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ಸ್ಟ್ಯಾಂಡಿನಲ್ಲಿ ತೂಗುತ್ತಿದ್ದುದು ಬೇರೆ ಬಾಟಲಿ. ಪಟ್ಟಿ ಇಲ್ಲ, ಗೆರೆ ಇಲ್ಲ. ಅದೂ ಅರ್ಧಕ್ಕೆ ಇಳಿದಿತ್ತು. ಖಾಲಿಯಾಯ್ತು ಅಂತ ನಾನೇ ಸಿಸ್ಟರ್‌ಗೆ ಕೂಗಿ ಹೇಳಿದೆ, ಪಾಪ ಓಡಿ ಬಂದು ಬದಲಾಯಿಸಿ ಹಾಗೇ ಓಡಿದಳು, ಎಂದು ಪಕ್ಕದ ಮಂಚದ ಹೆಂಗಸು ಉಪಕಾರ ಮಾಡಿದವಳ ಧಾಟಿಯಲ್ಲಿ ಹೇಳಿದಳು. ನೀರಿನ ದಾರ ಇನ್ನೂ ಕಡಿದಿರಲಿಲ್ಲ. ನಳಿಕೆಯ ಮೇಲೆ ಬೆಳಿಗ್ಗೆ ಚಕ್ರ ಅದುಮಿ ಕೂತಿದ್ದ ಕಡೆ ಒಂದು ಚಪ್ಪಟೆ ಗುರುತಿತ್ತು. ಚಕ್ರವನ್ನು ಸರಿಯಾಗಿ ಆ ಗುರುತಿಗೇ ತಂದು ನಿಲ್ಲಿಸಿದ. ಕಸುಬಿನ ಕೈ, ಎಳೆಯಷ್ಟೂ ತಪ್ಪಲಿಲ್ಲ. ಇನ್ನು ಯಾರು ನೋಡಿದರೂ ಅದು ಬೆಳಿಗ್ಗೆಯಿಂದ ಅಲ್ಲೇ ಇತ್ತು ಎನ್ನಬೇಕು.

ಮೊದಲು ಬಂದದ್ದು ಕೆಮ್ಮು, ಒಣ ಕೆಮ್ಮು. ಗಂಟಲು ಒಣಗಿದೆ, ಅದಕ್ಕೇ ಇರಬೇಕು ಎಂದುಕೊಂಡ. ಮರೀ, ದಿಂಬು ಎತ್ತರ ಮಾಡೋ, ಅಂದಳು ಅಕ್ಕ. ಮಾಡಿದ. ಇನ್ನೂ ಎತ್ತರ, ಅಂದಳು. ಮಲಗಲಾಗುತ್ತಿಲ್ಲ ಎಂದು ಮೊಣಕೈ ಊರಿ ಏಳಲು ನೋಡಿದಳು. ಹಣೆಯ ಮೇಲೆ ಬೆವರು ಮೂಡಿತ್ತು. ನೀರಿಲ್ಲದ ಮೈಯಲ್ಲಿ ಬೆವರು. ಉಸಿರಿನ ತಳದಲ್ಲಿ ಒಂದು ಸದ್ದು ಶುರುವಾಯಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಬಹಳ ಹೊತ್ತು ಖಾಲಿಯಿದ್ದ ಪೈಪಿಗೆ ಒಮ್ಮೆಲೇ ನೀರು ಬಿಟ್ಟಾಗ ಗಾಳಿಯೂ ನೀರೂ ಗುದ್ದಾಡಿಕೊಂಡು ಬರುವ ಸದ್ದು. ಆಗ ಅವನು ಓಡಬೇಕಾಗಿತ್ತು. ಓಡಲಿಲ್ಲ. ನಿಧಾನ ಮಾಡಿದ್ದೇನಲ್ಲ, ತಾನಾಗಿ ಇಳಿಯುತ್ತದೆ ಎಂದು ಅವಳ ಬೆನ್ನು ನೀವುತ್ತ ಕೂತ. ಐದು ನಿಮಿಷವೋ ಏಳು ನಿಮಿಷವೋ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅಕ್ಕನ ಉಸಿರಿಗಿಂತ ಬಾಗಿಲ ಕಡೆಯ ಹೆಜ್ಜೆ ಸದ್ದೇ ಅವನ ಕಿವಿಗೆ ದೊಡ್ಡದಾಗಿ ಕೇಳುತ್ತಿತ್ತು. ಕೊನೆಗೆ ಕೂಗಿದ್ದು ಪಕ್ಕದ ಮಂಚದವಳು. ನರ್ಸು ಬಂದಳು, ಮುಖ ನೋಡಿದಳು, ಡ್ರಿಪ್ ಕಿತ್ತಳು, ಕೂಗಿದಳು. ಆಮೇಲೆ ಎಲ್ಲರೂ ಬಂದರು, ಅವನನ್ನು ಗೋಡೆಗೆ ಸರಿಸಿದರು. ಮೂಗು ಬಾಯಿಗೆ ಮಾಸ್ಕ್, ನೀರಿಳಿಸುವ ಇಂಜೆಕ್ಷನ್, ಮೂತ್ರಕ್ಕೆ ನಳಿಕೆ, ಮಂಚದ ಕೆಳಗೆ ಒಂದು ಚೀಲ. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಶ್ವಾಸಕೋಶಕ್ಕೆ ನೀರು ನುಗ್ಗಿದೆ ಅಂದರು. ಇಷ್ಟು ದುರ್ಬಲ ಹೃದಯ ಇಷ್ಟೊಂದು ನೀರನ್ನು ಒಮ್ಮೆಗೇ ಎಲ್ಲಿಗೆ ತಳ್ಳಬೇಕು, ಎಂದು ಯಾರಿಗೋ ಹೇಳಿದರು. ಗೋಡೆಗೆ ಒರಗಿ ನಿಂತವನಿಗೆ ಆ ಪ್ರಶ್ನೆ ಪೂರ್ತಿ ಅರ್ಥವಾಯಿತು. ಈ ಕೋಣೆಯಲ್ಲಿ ಅವನಷ್ಟು ಅದನ್ನು ಅರಿತವರು ಇನ್ಯಾರೂ ಇರಲಿಲ್ಲ.

ಅವರು ಚಿಕ್ಕವರಿದ್ದಾಗಿನ ಬಾಡಿಗೆ ಮನೆಯ ಹಿತ್ತಿಲಲ್ಲಿ ಒಂದು ಸಿಮೆಂಟಿನ ತೊಟ್ಟಿ, ಅದಕ್ಕೊಂದು ಹಿತ್ತಾಳೆಯ ನಲ್ಲಿ ಇತ್ತು. ಆಗ ಅವನಿಗೆ ಏಳೋ ಎಂಟೋ ವರ್ಷ. ನಲ್ಲಿಯ ಕೆಳಗೆ ಕಾಗದದ ದೋಣಿ ಇಟ್ಟು ಬಿಟ್ಟ ನೀರನ್ನು ಬಂದ್ ಮಾಡುವುದು ಮರೆತು ಆಟಕ್ಕೆ ಓಡಿದ್ದ. ಇಡೀ ವಠಾರದ ಎರಡು ದಿನದ ನೀರು ಹರಿದು ಹೋಗಿತ್ತು. ಮನೆಯ ಯಜಮಾನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಾಗ ಅಕ್ಕ, ಹದಿನಾಲ್ಕರ ಅಕ್ಕ, ಲಂಗದ ಅಂಚು ಹಿಂಡಿಕೊಳ್ಳುತ್ತ, ನಾನೇ ಅಂದಳು. ಯಜಮಾನ ಅವನ ಕಡೆ ತಿರುಗಿ, ಹೌದೇನೋ ಅಂದ. ಅವನು ಹೌದೆಂದು ತಲೆ ಆಡಿಸಿದ. ಏಟು ಬಿದ್ದ ಸದ್ದಿಗೆ ಅವನು ಕಣ್ಣು ಮುಚ್ಚಿಕೊಂಡಿದ್ದ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅವನ ತಟ್ಟೆಗೇ ಮೊದಲು ಬಡಿಸಿದಳು. ಆ ವಿಷಯ ಆವತ್ತೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ನೀರಿನ ಇಲಾಖೆಯಲ್ಲಿ ಕೆಲಸ ಸಿಕ್ಕ ದಿನ ಮಾತ್ರ, ಇನ್ನು ಬಂದ್ ಮಾಡೋದು ಕಲಿತೀಯ ಬಿಡು, ಎಂದು ನಕ್ಕಿದ್ದಳು. ಅದು ಆ ತೊಟ್ಟಿಯ ಮಾತೋ ಸುಮ್ಮನೆ ತಮಾಷೆಯೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕಾಲು ಸುತ್ತಿನ ಶಿಸ್ತು ತನಗೆ ಬಂದದ್ದು ಇಲಾಖೆಯಿಂದಲ್ಲ, ಆ ಏಟಿನ ಸದ್ದಿನಿಂದ ಎಂದು ಮಾತ್ರ ಗೊತ್ತು.

ಯಾರು ಇಷ್ಟು ಜೋರಾಗಿ ಬಿಟ್ಟದ್ದು ಎಂದು ಡಾಕ್ಟರು ಕೇಳಿದರು. ಅಕ್ಕನ ಉಸಿರು ತುಸು ಹದಕ್ಕೆ ಬಂದಿತ್ತು. ಮಂಚದ ತಲೆಭಾಗ ಎತ್ತಿ ಅವಳನ್ನು ಕೂರಿಸಿದ್ದರು. ಡಾಕ್ಟರು ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ, ನರ್ಸಿನ ಮುಖ ನೋಡಿಕೊಂಡೇ, ಎರಡು ಬಾಟಲಿಯ ಸಮಯ ಕೇಳಿದರು. ನಾನು ಇಟ್ಟಲ್ಲೇ ಇದೆ ಡಾಕ್ಟರ್, ನೋಡಿ, ಎಂದು ಅವಳು ಕಿತ್ತಿಟ್ಟ ನಳಿಕೆಯ ಚಕ್ರ ತೋರಿಸಿದಳು. ಅಲ್ಲೇ ಇತ್ತು ನಿಜ. ಅಲ್ಲಿಗೇ ತಂದಿಟ್ಟವನು ಗೋಡೆಗೆ ಅಂಟಿ ನಿಂತಿದ್ದ. ಈಗ ಹೇಳಬೇಕು ಅಂದುಕೊಂಡ. ಅಷ್ಟರಲ್ಲಿ ಅಕ್ಕ ಮಾಸ್ಕನ್ನು ಎಡಗೈಯಲ್ಲಿ ಸರಿಸಿದಳು.

"ಆ ಹುಡುಗೀನ ಏನೂ ಅನ್ಬೇಡಿ" ಅಂದಳು. ಉಸಿರು ಹಿಡಿದಳು. "ನಾನೇ ತಿರುಗಿಸಿದ್ದು. ಬೇಗ ಮುಗೀಲಿ ಅಂತ. ಆಮೇಲೆ ನಾನೇ ಸರಿ ಮಾಡ್ದೆ."

ಡಾಕ್ಟರು ಅವಳನ್ನು ನೋಡಿದರು, ಆಮೇಲೆ ಅವನನ್ನು. "ಹೌದಾ? ನೀವು ನೋಡಿದ್ರಾ?"

ಅವನ ತಲೆ ಆಡಿತು. ಅವನು ಆಡಿಸಿದ್ದೆಂದು ಹೇಳುವಂತಿರಲಿಲ್ಲ. ನಲವತ್ತೆಂಟು ವರ್ಷದ ಹಿಂದೆ ಆಡಿದ್ದು ನಿಲ್ಲದೆ ಇಲ್ಲಿಯವರೆಗೆ ಬಂದ ಹಾಗಿತ್ತು. ಡಾಕ್ಟರು ಏನೋ ಬರೆಯಲು ಹೇಳಿದರು. ಮೈಯ ಉಪ್ಪಿನಂಶ ಏರುಪೇರಾದರೆ ಬುದ್ಧಿ ಮಂಕಾಗುತ್ತದೆ, ಮತ್ತೆ ಏನಾದರೂ ಕಿತ್ತಾರು, ಕೈ ಕಟ್ಟಿ, ಅಂದರು. ನರ್ಸು ಅಗಲದ ಬಟ್ಟೆಪಟ್ಟಿ ತಂದು, ನೋಯದ ಹಾಗೆ ಒಳಗೆ ಹತ್ತಿ ಇಟ್ಟು, ಅಕ್ಕನ ಎರಡೂ ಮಣಿಕಟ್ಟುಗಳನ್ನು ಮಂಚದ ಕಂಬಿಗೆ ಕಟ್ಟಿದಳು. ಕಟ್ಟುವಾಗ ಅವಳ ಕಣ್ಣು ತುಂಬಿತ್ತು. ಅಕ್ಕ ಬಳೆ ತೊಡಿಸಿಕೊಳ್ಳುವವಳ ಹಾಗೆ ಕೈ ಸಡಿಲ ಬಿಟ್ಟಿದ್ದಳು.

ಎಲ್ಲರೂ ಹೋದ ಮೇಲೆ ಅವನು ಮಂಚದ ಕೆಳಗಿನ ಬುಟ್ಟಿಯಿಂದ ಖಾಲಿ ಬಾಟಲಿಯನ್ನು ಎತ್ತಿಕೊಂಡ. ಬೆಳಿಗ್ಗೆಯ ಪಟ್ಟಿ ಇನ್ನೂ ಅಂಟಿಕೊಂಡಿತ್ತು, ಎರಡು, ಮೂರು ಎಂದು ಬರೆದ ಗೆರೆಗಳು ಯಾವ ನೀರಿಗೂ ಕಾಯದೆ ಖಾಲಿ ಉಳಿದಿದ್ದವು. ಅಕ್ಕನ ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದ. ಅರ್ಧ ತಿಳಿಯದ ಹೆಸರುಗಳು. ಆದರೆ ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರಲ್ಲಿ ಎಚ್ಚರ, ವೇಗವಾಗಿ ಕೊಟ್ಟರೆ ಊತ, ಉಸಿರಾಟದ ತೊಂದರೆ ಎಂಬುದು ತಿಳಿಯುವ ಮಾತಿನಲ್ಲೇ ಇತ್ತು. ಬೆಳಿಗ್ಗೆಯಿಂದ ಆ ಅಕ್ಷರಗಳು ಅವನ ಕಣ್ಣಿನ ಎದುರಿಗೇ ತೂಗುತ್ತಿದ್ದವು. ಗೆರೆ ನೋಡಿದ್ದ, ನೀರು ನೋಡಿದ್ದ, ಅಕ್ಷರ ನೋಡಿರಲಿಲ್ಲ. ನೀರಿನಲ್ಲಿ ಓದುವುದಕ್ಕೆ ಏನಿರುತ್ತದೆ, ನೀರು ನೀರೇ ಅಲ್ಲವೇ ಎಂದು ಬದುಕಿದವನು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಗಾದೆ ನೆನಪಾಗಿ ಅವನಿಗೆ ಗಾದೆಯ ಮೇಲೇ ಸಿಟ್ಟು ಬಂತು. ಇಷ್ಟು ಜನರಿಗೆ ಹೀಗೇ ಆಗಿದೆ ಎಂದಾದರೆ ಮೊದಲೇ ಯಾರಾದರೂ ಕೈ ಹಿಡಿಯಬಾರದಿತ್ತೇ.

ನರ್ಸು ಮೇಜಿನ ಮುಂದೆ ಬರೆಯುತ್ತಿದ್ದಳು. ಅವನು ಹೋಗಿ ನಿಂತ. ಚಪ್ಪಲಿ ಬಿಟ್ಟು ಸಾಹೇಬರ ಕೋಣೆಗೆ ಹೋಗುವ ಅಭ್ಯಾಸದಿಂದ ಇಲ್ಲಿಯೂ ಚಪ್ಪಲಿ ಬಿಟ್ಟಿದ್ದ.

"ಸಿಸ್ಟರ್, ಅದು ಅಕ್ಕ ಅಲ್ಲ. ನಾನು."

ಅವಳು ತಲೆ ಎತ್ತದೆ, ಕೈ ಕಟ್ಟಿದ್ದನ್ನು ನೋಡಿದರೆ ಮನೆಯವರೆಲ್ಲ ಹೀಗೇ ಹೇಳುತ್ತಾರೆ ಅಂಕಲ್, ಬೆಳಿಗ್ಗೆ ಡಾಕ್ಟರು ನೋಡಿ ಬಿಚ್ಚಿಸುತ್ತಾರೆ, ಅಂದಳು. ಅವನು ಹೇಳಿದ. ಬಾಕಿ ನೀರಿನ ಲೆಕ್ಕ ಹೇಳಿದ, ಗೇಟಿನ ಫೋನು ಹೇಳಿದ, ನಳಿಕೆಯ ಚಪ್ಪಟೆ ಗುರುತು ಹೇಳಿದ. ಗುರುತಿನ ಮಾತು ಬಂದಾಗ ಪೆನ್ನು ನಿಂತಿತು. ಅವಳು ಬಹಳ ಹೊತ್ತು ಅವನ ಹೆಬ್ಬೆರಳನ್ನೇ ನೋಡಿದಳು. ಬಯ್ಯುತ್ತಾಳೆ ಎಂದು ಅವನು ಕಾದ. ಬಯ್ದರೆ ಸಾಕಿತ್ತು.

"ಡಾಕ್ಟರ್ ಕೇಳ್ದಾಗ ತಲೆ ಆಡಿಸಿದ್ರಲ್ಲ."

"ಆಡಿಸ್ದೆ."

"ಬರ್ದಾಗಿದೆ ಅಂಕಲ್. ಈಗ ತಿದ್ದೋಕೆ ಹೋದ್ರೆ, ಎರಡನೇ ಬಾಟ್ಲಿ ಹಾಕುವಾಗ ಚಕ್ರ ಯಾಕೆ ನೋಡ್ಲಿಲ್ಲ ಅಂತ ಬರುತ್ತೆ. ನಾನು ನೋಡ್ಲಿಲ್ಲ. ನಾಲ್ಕನೇ ಬೆಡ್ಡಲ್ಲಿ ರಕ್ತ ಕಾರ್ತಿದ್ರು, ನೋಡ್ಲಿಲ್ಲ." ಅವಳ ದನಿ ಇಳಿಯಿತು. "ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇಬ್ಬರು ಮೇಜಿನ ಆಚೆ ಈಚೆ. ಕಾಯಿ ಹೊತ್ತವಳು ಮಾತ್ರ ಅಲ್ಲಿ ಕೈ ಕಟ್ಟಿಸಿಕೊಂಡು ಕೂತಿದ್ದಳು. ಊಟ ಮಾಡಿದಿರಾ ಎಂದು ನರ್ಸು ಕೇಳಿದಳು. ಆ ಕರುಣೆ ಅವನಿಗೆ ಸಹಿಸಲಾಗಲಿಲ್ಲ. ಅವಳು ಒಂದು ಸಣ್ಣ ಅಳತೆಯ ಲೋಟ ತೆಗೆದು ಅವನ ಕೈಗಿಟ್ಟಳು. ಬೆಳಗಿನವರೆಗೆ ಬಾಯಿಗೆ ಇದರಲ್ಲಿ ಎರಡೇ ಲೋಟ ನೀರು, ಒಂದು ಹನಿ ಹೆಚ್ಚಾದರೂ ಎದೆಗೆ ಹೋಗುತ್ತದೆ; ಕೆಳಗಿನ ಚೀಲಕ್ಕೆ ಎಷ್ಟು ಇಳಿಯಿತು ಎಂದು ಗಂಟೆಗೊಮ್ಮೆ ನೋಡಬೇಕು, ಇಂಜೆಕ್ಷನ್‌ಗೆ ಮೂತ್ರ ಬಿಟ್ಟರೆ ಉಳಿದರು, ಬಿಡದಿದ್ದರೆ ಡಾಕ್ಟರನ್ನು ಕರೆಯಬೇಕು, ಆಮೇಲೆ ಅವರ ಕೈಯಲ್ಲೂ ಇಲ್ಲ, ಅಂದಳು. ನೀವು ನೀರಿನವರಲ್ಲವಾ, ನಿಮಗೆ ಅಳತೆ ಗೊತ್ತಿರುತ್ತದೆ, ಎಂದೂ ಸೇರಿಸಿದಳು. ಚುಚ್ಚಲು ಹೇಳಿದ್ದಲ್ಲ.

ಸಂಜೆಯ ಬಿಸಿಲು ಕಂಬಿಯ ಮೇಲೆ, ಕಟ್ಟಿದ ಪಟ್ಟಿಯ ಮೇಲೆ ಬಿದ್ದಿತ್ತು. ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದು ಲೋಟದ ಕಾಲು ಭಾಗ ನೀರು ತುಂಬಿ, ಮಾಸ್ಕ್ ಸರಿಸಿ, ಅಕ್ಕನ ತುಟಿಗೆ ಹಿಡಿದ. ಒಂದು ಗುಟುಕಿಗೆ ಮುಗಿಯಿತು. ಅವಳು ತುಟಿಯನ್ನು ಲೋಟದ ಅಂಚಿಗೇ ಒತ್ತಿ ಇಟ್ಟುಕೊಂಡಳು. ಮಗುವಿನ ಬಾಯಿಂದ ತೆಗೆಯುವ ಹಾಗೆ ಲೋಟವನ್ನು ಬಿಡಿಸಿಕೊಂಡ.

"ಇನ್ನೊಂಚೂರು ಬಿಡೋ" ಅಂದಳು.

"ಇಲ್ಲ ಅಕ್ಕ. ಇಷ್ಟೇ."

ಬೀದಿಯಲ್ಲಿ ಸಾವಿರ ಸಲ ಆಡಿದ ಮಾತು. ಆಗ ನಾಲಿಗೆ ಇಷ್ಟು ಭಾರ ಇರಲಿಲ್ಲ. ಅವಳು ಕಣ್ಣು ಮುಚ್ಚಿ, ಮಾಸ್ಕಿನೊಳಗೆ ನಾಲ್ಕೈದು ಉಸಿರು ಎಳೆದು, ಅದಕ್ಕೇ ಕಾಲುಸುತ್ತು ಅಂತಾರೆ, ಅಂದಳು. ತಮಾಷೆಗೆ ಅಂದದ್ದು. ಆ ಹೆಸರು ಅವಳ ಬಾಯಲ್ಲಿ ಬಂದದ್ದು ಜೀವಮಾನದಲ್ಲಿ ಮೊದಲ ಸಲ. ಅವನು ಅವಳ ಕಟ್ಟಿದ ಕೈಯ ಬೆರಳು ಹಿಡಿದ. ಬೆಳಿಗ್ಗೆ ಸುಕ್ಕುಗಟ್ಟಿದ್ದ ಬೆರಳು ಈಗ ಊದಿ ನುಣ್ಣಗಾಗಿತ್ತು. ಅಕ್ಕ, ನೀನು ಎದ್ದಿದ್ಯಾ ಆಗ, ಎಂದು ಕೇಳಿದ. ಕೇಳಬಾರದಿತ್ತು, ಕೇಳಿದ.

"ಎದ್ದಿದ್ದೆ" ಅಂದಳು. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದಳು. "ಊರಿಗೆಲ್ಲ ಕಾಲು... ನಂಗೆ ಪೂರ್ತಿ ಬಿಟ್ಯಲ್ಲೋ ಮರೀ. ಖುಷಿಯಾಯ್ತು. ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ."

ಅವನಿಗೆ ಅಳು ಬಂತು. ಅಳುವುದನ್ನು ಅವಳು ನೋಡಬಾರದೆಂದು ಚೀಲ ನೋಡುವ ನೆಪದಲ್ಲಿ ನೆಲಕ್ಕೆ ಬಗ್ಗಿದ. ಮಂಡಿ ನೋಯಿತು. ಚೀಲದ ಮೇಲೆ ಅಚ್ಚಿನ ಗೆರೆಗಳಿದ್ದವು, ಐವತ್ತು, ನೂರು, ನೂರೈವತ್ತು. ತಳದಲ್ಲಿ ಒಂದು ಮೂಲೆಗೆ ಚಮಚದಷ್ಟು ನೀರು. ಒಂದು ಗಂಟೆಯ ಹಿಂದೆಯೂ ಅಷ್ಟೇ ಇತ್ತು. ನಳಿಕೆಯಲ್ಲಿ ಒಂದು ಹನಿ ಬೀಳುತ್ತೇನೆ ಬೀಳುತ್ತೇನೆ ಎಂದು ನಿಂತಿತ್ತು. ಬೀಳಲಿಲ್ಲ. ಅವನ ಕೈ ತಾನಾಗಿ ನಳಿಕೆಯ ಉದ್ದಕ್ಕೂ ಮೇಲೆ ಹೋಯಿತು, ಮಂಚದ ಅಂಚಿನ ತನಕ, ಹೆಬ್ಬೆರಳು ಚಕ್ರವನ್ನು ಹುಡುಕಿತು. ಇದಕ್ಕೆ ಚಕ್ರ ಇರಲಿಲ್ಲ. ಮತ್ತೆ ಒಮ್ಮೆ ಮೇಲಿಂದ ಕೆಳಗೆ ತಡವಿ ನೋಡಿದ. ಇರಲಿಲ್ಲ.

"ಬಂತೇನೋ?" ಎಂದು ಮೇಲಿನಿಂದ ಅಕ್ಕ ಕೇಳಿದಳು.

ಅವನು ಚೀಲವನ್ನು ಬೆಳಕಿಗೆ ತಿರುಗಿಸಿ ನೋಡಿದ.

"ಬರ್ತಾ ಇದೆ ಅಕ್ಕ" ಅಂದ. ನೀರು ಇದ್ದಲ್ಲೇ ಇತ್ತು.